ಎರಡು ಎಣಿಕೆ ಒಂದೇ ಬಂದ ವರ್ಷ

ಈ ಬರಹವನ್ನು ಓದುವವರ ಅವಗಾಹನೆಗೆ ಮೊದಲೇ ತರಬೇಕಾದ ಸಂಗತಿಯೊಂದಿದೆ. ನಾನು ಬರಹಗಾರ್ತಿಯಲ್ಲ. ತುಮಕೂರು ರಸ್ತೆಯ ಬದಿಯ ಒಂದು ಸರ್ಕಾರಿ ಕಾರ್ಖಾನೆಯ ಟಪಾಲು ವಿಭಾಗದಲ್ಲಿ ಗುಮಾಸ್ತೆಯಾಗಿ ಸೇರಿ, ಅದೇ ವಿಭಾಗದಲ್ಲಿ ನಿವೃತ್ತಳಾದವಳು. ಅಷ್ಟೂ ವರ್ಷ ನಾನು ಬರೆದದ್ದೆಲ್ಲ ಬೇರೆಯವರ ಸಹಿಗಾಗಿ ಬರೆದದ್ದು. ಕರಡು ತಯಾರಿಸುವುದು ನನ್ನ ಕೆಲಸ; ಅದರ ಕೆಳಗೆ ಹೆಸರು ಹಾಕುವುದು ಮೇಲಿನವರ ಕೆಲಸ. ಆದಕಾರಣ ಇಲ್ಲಿ ಕಚೇರಿ ಪತ್ರದ ಧಾಟಿ ಕಂಡುಬಂದಲ್ಲಿ ಮನ್ನಿಸಬೇಕೆಂದು ಕೋರುತ್ತೇನೆ. ಬೇರೆ ಧಾಟಿ ನನಗೆ ಬಾರದು.

ನಾನು ನಿವೇದಿಸಿಕೊಳ್ಳಬೇಕಾಗಿರುವುದು ಒಂದು ಪತ್ರದ ವಿಚಾರ. ಇನ್ನೂ ಖಚಿತವಾಗಿ ಹೇಳುವುದಾದರೆ, ಯಾರೂ ಕೇಳದೆ ಆ ಪತ್ರದ ಕೊನೆಗೆ ನಾನಾಗಿಯೇ ಸೇರಿಸಿದ ಒಂದು ವಾಕ್ಯದ ವಿಚಾರ. ಆ ಪತ್ರದಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. ಅದನ್ನು ಯಾರಾದರೂ ಹುಡುಕಿ ತೆಗೆದರೂ ನನ್ನನ್ನು ಹೊಣೆ ಮಾಡಲು ಆಧಾರ ಸಿಗುವುದಿಲ್ಲ. ಇದನ್ನು ಬರೆಯಲು ಇಷ್ಟು ವರ್ಷ ತಡವಾದುದಕ್ಕೆ ಅದೂ ಒಂದು ಕಾರಣವಿರಬಹುದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ನಾವು ಮೂವರು ಸೇರಿ ವರ್ಷಕ್ಕೊಮ್ಮೆ ಕೆರೆಯ ಹಕ್ಕಿಗಳನ್ನು ಎಣಿಸುತ್ತಿದ್ದೆವು. ಸಂಘ, ನೋಂದಣಿ, ಮೊಹರು ಯಾವುದೂ ಇರಲಿಲ್ಲ. ನಮ್ಮ ಕಾರ್ಖಾನೆಯ ಟೂಲ್ ರೂಮಿನಿಂದ ನಿವೃತ್ತರಾಗಿದ್ದ ಫೋರ್‌ಮನ್ನರು ನಮ್ಮ ಹಿರಿಯರು. ಮಿಲಿಟರಿ ಹರಾಜಿನಲ್ಲಿ ಸಿಕ್ಕಿದ ಹಳೆಯ ದುರ್ಬೀನೊಂದು ಅವರ ಬಳಿ ಇತ್ತು. ಆಯುಧಪೂಜೆಯ ದಿನ ಅವರು ಅದನ್ನು ತಮ್ಮ ಅಳತೆಯ ಉಪಕರಣಗಳ ಜೊತೆಗಿಟ್ಟು ಕುಂಕುಮ ಹಚ್ಚುತ್ತಿದ್ದರು. ಗಣತಿ ಮುಗಿಯುವವರೆಗೆ ಆ ಕುಂಕುಮವನ್ನು ಒರೆಸುತ್ತಿರಲಿಲ್ಲ. ಎರಡನೆಯವನು ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಯುವಕ. ಬಾಯಿ ಜೋರು, ಕಣ್ಣು ಅದಕ್ಕಿಂತ ಚುರುಕು. ಮೂರನೆಯವಳು ನಾನು. ಹಕ್ಕಿಗಳ ಬಗ್ಗೆ ನನಗೆ ತಿಳಿದದ್ದು ಅತ್ಯಲ್ಪ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಬರೆದುಕೊಳ್ಳಲು ಸೇರಿಸಿಕೊಂಡಿದ್ದರು.

ನನ್ನ ತಾಯಿಗೆ ಇದು ಕಿಂಚಿತ್ತೂ ಹಿಡಿಸುತ್ತಿರಲಿಲ್ಲ. "ಗಂಡಿನ ಕಡೆಯವರು ನೋಡೋಕೆ ಬಂದ್ರೆ ಏನ್ ಹೇಳ್ಲೇ? ಹುಡುಗಿ ಬಾತುಕೋಳಿ ನೋಡೋಕೆ ಹೋಗಿದ್ದಾಳೆ, ಕೂತ್ಕೊಳ್ಳಿ ಅನ್ಲಾ?" ಎನ್ನುತ್ತಲೇ ಡಬ್ಬಿಗೆ ಅವಲಕ್ಕಿ ತುಂಬಿ ಕೊಡುತ್ತಿದ್ದರು.

ಗಣತಿಯ ದಿನ ವಿಜಯದಶಮಿ ಮತ್ತು ದೀಪಾವಳಿಯ ನಡುವಿನ ಒಂದು ಭಾನುವಾರ. ಅಷ್ಟು ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತಿತ್ತು, ಉತ್ತರದಿಂದ ಬರುವ ಬಾತುಗಳು ಬಂದು ಇಳಿದಿರುತ್ತಿದ್ದವು. ನಾವು ಎಣಿಸುತ್ತಿದ್ದುದು ನಾಗಸಂದ್ರದಿಂದ ಕಾಲ್ನಡಿಗೆಯ ದೂರದಲ್ಲಿದ್ದ ಒಂದೇ ಕೆರೆಯನ್ನು. ಅದರ ಮೇಲ್ಭಾಗದಲ್ಲಿ ಕೈಗಾರಿಕಾ ಪ್ರದೇಶದ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದವು. ಕೆಳಭಾಗದಲ್ಲಿ ಏರಿ, ಏರಿಯ ಕೆಳಗೆ ಗದ್ದೆ, ಗದ್ದೆಯಂಚಿನಲ್ಲಿ ಹತ್ತಾರು ಮನೆಗಳ ಒಂದು ಕೇರಿ.

ನಿಯಮಗಳನ್ನು ಫೋರ್‌ಮನ್ನರೇ ಮಾಡಿದ್ದರು. ಏರಿಯ ಮೇಲಿನಿಂದಲೇ ಎಣಿಸಬೇಕು, ನೀರಿನ ಬಳಿ ಹೋಗಕೂಡದು. ಚಪ್ಪಾಳೆ ತಟ್ಟಿಯಾಗಲಿ ಕಲ್ಲೆಸೆದಾಗಲಿ ಹಕ್ಕಿಯನ್ನು ಎಬ್ಬಿಸಕೂಡದು. ಎಣಿಕೆ ನಡೆಯುವಾಗ ಸಂಖ್ಯೆಯ ಹೊರತು ಬೇರೆ ಮಾತು ಯಾರ ಬಾಯಿಂದಲೂ ಬರಕೂಡದು. ಮೊದಲು ಅವರು ದುರ್ಬೀನು ಹಿಡಿದು ಎಣಿಸುವರು. ನಂತರ ಲೇತಿನವನು ಅದೇ ದುರ್ಬೀನಿನಿಂದ ಇನ್ನೊಮ್ಮೆ ಎಣಿಸುವನು. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ನಾನು ಕಾಯಂ ಆಗಿ ಬರೆಯಬೇಕು. ಎರಡು ಎಣಿಕೆ ಯಾವ ವರ್ಷವೂ ಒಂದೇ ಬಂದದ್ದಿಲ್ಲ. ಮುಳುಗುವ ಹಕ್ಕಿ ಮುಳುಗುತ್ತದೆ, ಹಾರುವುದು ಹಾರುತ್ತದೆ, ಹೊಸದೊಂದು ಬಂದು ಕೂರುತ್ತದೆ. ನನ್ನ ಹಾಳೆ ತುಂಬ ಹೊಡೆದುಹಾಕಿದ ಗೆರೆಗಳೇ ಇರುತ್ತಿದ್ದವು. ಇದು ಫೋರ್‌ಮನ್ನರಿಗೆ ಪ್ರತಿ ಸಲವೂ ನೋವಿನ ಸಂಗತಿ. ಕೂದಲೆಳೆಯ ಅಳತೆಯಲ್ಲಿ ಜೀವನ ಕಳೆದವರು ಅವರು. "ಎರಡು ಸಲ ಅಳೆದ್ರೆ ಎರಡು ಸಲವೂ ಒಂದೇ ಬರ್ಬೇಕಮ್ಮ. ಬರ್ಲಿಲ್ಲ ಅಂದ್ರೆ ಅಳೆಯೋನ ತಪ್ಪು," ಎನ್ನುತ್ತಿದ್ದರು.

ಗಣತಿಯ ಮಾರನೆಯ ದಿನ ನಾನು ಪತ್ರವೊಂದನ್ನು ಟೈಪು ಮಾಡುತ್ತಿದ್ದೆ. ಫೋರ್‌ಮನ್ನರು ಸಹಿ ಹಾಕುತ್ತಿದ್ದರು. ಅದು ಕೆರೆಯ ಉಸ್ತುವಾರಿಯಿದ್ದ ಕಚೇರಿಗೆ ಟಪಾಲಿನಲ್ಲಿ ಹೋಗುತ್ತಿತ್ತು. ಒಂದು ವರ್ಷವೂ ಉತ್ತರ ಬಂದಿರಲಿಲ್ಲ. ಅಲ್ಲಿ ಅದನ್ನು ಯಾರಾದರೂ ಓದುತ್ತಾರೆಂದು ನಮಗೂ ಅನಿಸಿರಲಿಲ್ಲ.

ಆ ವರ್ಷದ ಭಾನುವಾರ ಬೆಳಿಗ್ಗೆ ನಾವು ಬಸ್ಸಿಳಿದು ನಡೆದಾಗ ಮಂಜು ಇನ್ನೂ ಕರಗಿರಲಿಲ್ಲ. ಕೆರೆಯ ನೀರುಗಂಟಿ ಪ್ರತಿ ವರ್ಷ ತೂಬಿನ ಹತ್ತಿರ ಬೆಲ್ಲದ ಕಾಫಿ ಇಟ್ಟುಕೊಂಡು ಕಾಯುತ್ತಿದ್ದ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು ಅವನ ತಾತನ ಕಾಲದಿಂದ ಅವರ ಮನೆಯ ಕೆಲಸ. ಆ ದಿನ ಅವನು ತೂಬು ಬಿಟ್ಟು, ಏರಿ ಶುರುವಾಗುವಲ್ಲಿಯೇ ನಮಗೆ ಎದುರಾಗಿ ನಿಂತಿದ್ದ. ಕೈಯಲ್ಲಿ ಕಾಫಿ ಇರಲಿಲ್ಲ.

"ಬನ್ನಿ ಅಮ್ಮಾವ್ರೇ, ನಿಮ್ಮನ್ನೇ ಕಾಯ್ತಿದ್ದೆ," ಎಂದ. "ಈ ಸಲ ಕಾಲ್ವೆ ಬಾಯಿತಾವ್ಕೇ ಓಗಿ ನೋಡ್ಬುಡಿ. ನೀರು ಸರ್ಯಾಗಿಲ್ಲ. ಎಮ್ಮೆ ಮೂತಿ ಇಕ್ಕಿ ಇಂದಕ್ಕೆ ಬತ್ತದೆ."

ಮೇಲಿನ ಶೆಡ್ಡುಗಳಲ್ಲಿ ಒಂದು ಬಿಡಿಭಾಗಗಳಿಗೆ ಲೋಹದ ಲೇಪನ ಮಾಡುವ ಶೆಡ್ಡು. ಅದರ ನೀರು ಮಳೆಗಾಲದಿಂದೀಚೆಗೆ ಕಾಲುವೆ ಹಿಡಿದು ಕೆರೆಗೆ ಬರುತ್ತಿದೆಯೆಂದೂ, ಏರಿಯಲ್ಲಿ ಜಿನುಗುವ ನೀರೇ ತಮ್ಮ ಕೇರಿಯ ಬಾವಿಗೆ ಇಳಿಯುವುದೆಂದೂ, ಬಾವಿ ಇನ್ನೂ ಕೆಟ್ಟಿಲ್ಲವೆಂದೂ ಅವನು ವಿವರಿಸಿದ. ಕಾಲುವೆಯನ್ನು ಕಟ್ಟಿಸಬೇಕು, ಕೇರಿಗೊಂದು ನಲ್ಲಿ ಹಾಕಿಸಬೇಕು ಎಂದು ಅರ್ಜಿ ಕೊಟ್ಟಿದ್ದನಂತೆ. ಕಚೇರಿಯಲ್ಲಿ, "ನೀನು ಹೇಳಿದ್ರೆ ಆಗ್ಲಿಲ್ಲ, ಪುರಾವೆ ಬೇಕು. ಹಕ್ಕಿ ಎಣಿಸೋರ ಕಾಗದ ವರ್ಷಾ ವರ್ಷ ಬರುತ್ತಲ್ಲ, ಅದು ಬರ್ಲಿ ನೋಡೋಣ," ಎಂದಿದ್ದರಂತೆ.

"ಎಲ್ಲಾ ನಿಮ್ಮ ಕೈಯಾಗೈತೆ ಅಮ್ಮಾವ್ರೇ. ನಿಮ್ಮ ಕಾಗ್ದ ಓದ್ರೆ ಕೆಲ್ಸ ಆದಂಗೇ."

ಆ ಶೆಡ್ಡಿಗೆ ನಮ್ಮ ಕಾರ್ಖಾನೆಯ ಬಿಡಿಭಾಗಗಳೂ ಲೇಪನಕ್ಕೆ ಹೋಗುತ್ತಿದ್ದವು. ಅವುಗಳ ಗೇಟ್ ಪಾಸುಗಳನ್ನು ಟೈಪು ಮಾಡುತ್ತಿದ್ದವಳು ನಾನೇ. ನಾನು ಹಾಳೆಯ ಮೇಲೆ ದಿನಾಂಕ ಬರೆದೆ. ಫೋರ್‌ಮನ್ನರು ಹೇಳಿದರು: "ಹತ್ರ ಹೋಗೋ ಹಾಗಿಲ್ಲಪ್ಪ. ಹತ್ರ ಹೋದ್ರೆ ಹಾರಿಬಿಡ್ತವೆ. ಎಣಿಕೆ ಕೆಡುತ್ತೆ."

ನೀರುಗಂಟಿ ಒಂದು ಕ್ಷಣ ಅವರ ಮುಖವನ್ನು ನೋಡಿದ. ಅನಂತರ ಜೋರಾಗಿ ನಕ್ಕ. "ಆರಿಬಿಡ್ತಾವಾ! ಸರಿ ಬುಡಿ ಸಾಮಿ, ಇಲ್ಲಿಂದ್ಲೇ ಎಣಿಸಿ," ಎಂದು ಪಕ್ಕಕ್ಕೆ ಸರಿದು, ಮಾತನಾಡಕೂಡದೆಂಬ ನಿಯಮ ಗೊತ್ತಿದ್ದುದರಿಂದ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕುಳಿತ. ಆ ನಗುವಿನ ಅರ್ಥ ನನಗೆ ತಿಳಿದದ್ದು ನಾಲ್ಕು ದಿನಗಳ ನಂತರ.

ಆ ಬೆಳಗಿನ ಬಗ್ಗೆ ನನಗೆ ನೆನಪಿರುವುದನ್ನು ಯಥಾವತ್ತಾಗಿ ಬರೆಯಲು ಪ್ರಯತ್ನಿಸುತ್ತೇನೆ. ಸದ್ದಿರಲಿಲ್ಲ. ಕೆರೆಯ ಬೆಳಗೆಂದರೆ ಗದ್ದಲದ ಬೆಳಗು. ನಾಮದಕೋಳಿಗಳ ಜಗಳ, ಕಪ್ಪೆಗಳು, ಟಿಟ್ಟಿಭದ ಕೂಗು. ಅಂದು ನನಗೆ ಕೇಳಿಸಿದ್ದು ಹಾಳೆಯ ಮೇಲೆ ನನ್ನ ಪೆನ್ಸಿಲಿನ ಸದ್ದು. ಪ್ರತಿ ವರ್ಷ ತೂಬಿನ ಕಲ್ಲಿನ ಮೇಲೆ ಕೂರುತ್ತಿದ್ದ ಮಿಂಚುಳ್ಳಿ ಇರಲಿಲ್ಲ. ಆಚೆ ದಡದ ಈಚಲು ಮರಗಳ ಮೇಲೆ ಹದ್ದುಗಳು ಸಾಲಾಗಿ ಕುಳಿತಿದ್ದವು. ಅವು ಕೆರೆಯನ್ನೇ ನೋಡುತ್ತಿದ್ದವು, ಒಂದೂ ಕೆಳಗಿಳಿಯಲಿಲ್ಲ. ಗಾಳಿ ತಿರುಗಿದಾಗಲೆಲ್ಲ ಒಂದು ವಾಸನೆ ಬರುತ್ತಿತ್ತು. ಕೊಳೆತ ವಾಸನೆಯಲ್ಲ, ಚೊಕ್ಕ ಮಾಡಿದ ವಾಸನೆ, ತಾಮ್ರದ ಪಾತ್ರೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ ಹಾಗೆ.

ಕಾಲುವೆ ಬಂದು ಸೇರುವಲ್ಲಿ ಅಂತರಗಂಗೆ ದಟ್ಟವಾಗಿ ಹಬ್ಬಿತ್ತು. ಅದರ ನಡುವೆ ಬಾತುಗಳೂ ನಾಮದಕೋಳಿಗಳೂ ಒಟ್ಟೊಟ್ಟಾಗಿ ಕುಳಿತಿದ್ದವು. ಕೊರಳು ಮಡಿಸಿ, ತಲೆ ತಗ್ಗಿಸಿ, ನಿದ್ದೆ ಹೋದಂತೆ. ಅಷ್ಟೊಂದು ಹಕ್ಕಿಗಳನ್ನು ನಾವು ಆ ಕೆರೆಯಲ್ಲಿ ಒಟ್ಟಿಗೆ ಕಂಡಿರಲಿಲ್ಲ. ಫೋರ್‌ಮನ್ನರು ಸಂತೋಷದಿಂದ ದುರ್ಬೀನು ಎತ್ತಿದರು. ಅವರು ಹತ್ತು ಹತ್ತಾಗಿ ಕರೆಯುತ್ತಾ ಹೋದರು, ನಾನು ಗೆರೆ ಎಳೆಯುತ್ತಾ ಹೋದೆ. ಎಲ್ಲಿಯೂ ನಿಲ್ಲಬೇಕಾಗಲಿಲ್ಲ. "ಹೊಡೆದುಹಾಕು, ಮುಳುಗಿತು," ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಕೊನೆಗೆ ಇನ್ನೂರ ಹದಿನಾಲ್ಕು.

ಲೇತಿನವನು ದುರ್ಬೀನು ತೆಗೆದುಕೊಂಡು, ಅದರ ಗಾಜನ್ನು ಅಂಗಿಯಿಂದ ಒರೆಸಿ ಎಣಿಸಿದ. ಮುಗಿಸಿ, ಸಂಖ್ಯೆಯನ್ನು ಹೇಳದೆ ನನ್ನ ಹಾಳೆಯನ್ನು ಇಣುಕಿ ನೋಡಿದ.

"ಸಾರ್, ನಂಬಲ್ಲ ನೀವು. ಇನ್ನೂರ ಹದ್ನಾಲ್ಕೇ."

ಫೋರ್‌ಮನ್ನರು ಅವನ ಕೈ ಹಿಡಿದು ಕುಲುಕಿದರು. ನನ್ನ ಕೈಯನ್ನೂ ಕುಲುಕಿದರು. ಅವರ ಕಣ್ಣು ಒದ್ದೆಯಾಗಿತ್ತೆಂದು ನಾನು ದೃಢೀಕರಿಸಬಲ್ಲೆ. "ಇಷ್ಟು ವರ್ಷ ಆದ್ಮೇಲೆ ಕೈ ಕೂತಿತು ನೋಡ್ರೋ," ಎಂದರು.

"ಕೈಯಲ್ಲ ಸಾರ್, ಹಕ್ಕಿ ಕೂತಿರೋದು," ಎಂದ ಲೇತಿನವನು. "ನೋಡಿ ಡಿಸ್ಪ್ಯಾಚ್ ಮೇಡಂ, ನಮ್ಮ ನೈಟ್ ಶಿಫ್ಟ್ ಜನ ಬಸ್ಸಲ್ಲಿ ಬಿದ್ಕೊಂಡಿರ್ತಾರಲ್ಲ, ಥೇಟ್ ಹಂಗೇ. ಸೈರನ್ ಹೊಡೆದ್ರೂ ಏಳಲ್ಲ ಬಿಡಿ."

ನಾವು ಮೂವರೂ ನಕ್ಕೆವು. ನೀರುಗಂಟಿ ಬಾಯಿಯ ಮೇಲಿನ ಕೈ ತೆಗೆದು ಎರಡೂ ಕೈ ಜೋಡಿಸಿದ. ನಮ್ಮೆಲ್ಲರಿಗಿಂತ ಹೆಚ್ಚು ಸಮಾಧಾನ ಅವನ ಮುಖದಲ್ಲಿತ್ತು.

ಸೋಮವಾರ ಊಟದ ಬಿಡುವಿನಲ್ಲಿ ಪತ್ರ ಸಿದ್ಧಪಡಿಸಿದೆ. ದಿನ, ಸ್ಥಳ, ವಿಧಾನ, ಸಂಖ್ಯೆ. ಹಕ್ಕಿಗಳು 'ವಿಶ್ರಾಂತ ಸ್ಥಿತಿಯಲ್ಲಿದ್ದವು' ಎಂದು ಬರೆದೆ. ಎರಡು ಎಣಿಕೆಗಳೂ ತಾಳೆಯಾಗಿರುವುದನ್ನು ವಿಶೇಷವಾಗಿ ನಮೂದಿಸಿದೆ. ಅಷ್ಟಕ್ಕೆ ಪತ್ರ ಮುಗಿದಿತ್ತು. ಆದರೆ ನನ್ನ ಕೆಲಸದಲ್ಲಿ ನಾನು ಕಲಿತಿದ್ದುದು, ಯಾವ ವರದಿಯೂ ಸಂಖ್ಯೆಯ ಮೇಲೆ ನಿಲ್ಲಬಾರದು. ಮೇಲಿನವರು ಅದರಿಂದ ಏನನ್ನು ತಿಳಿಯಬೇಕೆಂದು ಕೊನೆಯಲ್ಲಿ ಒಂದು ಸಾಲು ಇರಬೇಕು. ಅದಿಲ್ಲದಿದ್ದರೆ ಕರಡು ಹಿಂದಕ್ಕೆ ಬರುತ್ತಿತ್ತು. ಹೀಗಾಗಿ ನಾನು ಸೇರಿಸಿದೆ: 'ಸದರಿ ಕೆರೆಯ ಪರಿಸ್ಥಿತಿಯು ತೃಪ್ತಿಕರವಾಗಿರುವುದು ಇದರಿಂದ ಕಂಡುಬರುತ್ತದೆ.'

ನೀರುಗಂಟಿಯ ಮಾತು ನನಗೆ ಮರೆತಿರಲಿಲ್ಲ. ಅದು ನೆನಪಿದ್ದೂ ಆ ಸಾಲನ್ನು ಟೈಪು ಮಾಡಿದೆ. ಅವನ ಮಾತು ಮಾತಾಗಿತ್ತು, ನನ್ನ ಮುಂದಿದ್ದುದು ದಾಖಲೆ. ಫೋರ್‌ಮನ್ನರು ಓದಿ, "ಚೆನ್ನಾಗಿ ಮುಗಿಸಿದ್ದೀಯಮ್ಮ," ಎಂದು ಸಹಿ ಹಾಕಿದರು. ಮಧ್ಯಾಹ್ನದ ಟಪಾಲಿನಲ್ಲಿ ಪತ್ರ ಹೋಯಿತು.

ಬುಧವಾರ ಎಣಿಕೆಯ ಹಾಳೆಯನ್ನು ಕಡತಕ್ಕೆ ಸೇರಿಸಲು ಹಿಂದಿನ ವರ್ಷಗಳ ಹಾಳೆಗಳನ್ನು ತೆಗೆದೆ. ಒಂದರ ಪಕ್ಕ ಒಂದಿಟ್ಟು ದಾರ ಪೋಣಿಸುವಾಗ ಕೈ ನಿಂತಿತು. ಹಳೆಯ ಹಾಳೆಗಳು ಕೊಳಕಾಗಿದ್ದವು. ಹೊಡೆದುಹಾಕಿದ ಗೆರೆ, ಅದರ ಮೇಲೆ ಇನ್ನೊಂದು, ಅಂಚಿನಲ್ಲಿ 'ಹಾರಿತು', 'ಮತ್ತೆ ಬಂತು'. ಈ ವರ್ಷದ ಹಾಳೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಸ್ವಚ್ಛವಾದ ಹಾಳೆಯೆಂದು ನಾನು ಅದರ ಬಗ್ಗೆ ಹೆಮ್ಮೆಪಟ್ಟಿದ್ದೆ. ಗಂಟೆಗೂ ಹೆಚ್ಚು ಕಾಲ ನಾವು ಆ ಹಕ್ಕಿಗಳನ್ನು ನೋಡುತ್ತಿದ್ದೆವು. ಇನ್ನೂರ ಹದಿನಾಲ್ಕರಲ್ಲಿ ಒಂದಾದರೂ ರೆಕ್ಕೆ ಕೊಡವಬೇಕಿತ್ತು. ಒಂದಾದರೂ ತಲೆ ಎತ್ತಬೇಕಿತ್ತು.

ಸ್ಟೂಲಿನ ಮೇಲೆ ಕುಳಿತೆ. ಟಪಾಲು ಹೋಗಿ ಎಷ್ಟು ದಿನವಾಯಿತೆಂದು ಬೆರಳು ಮಡಿಸಿ ಲೆಕ್ಕ ಹಾಕಿದೆ. ಅದು ತಲುಪಿರುವ ಹೊತ್ತು.

ಗುರುವಾರ ಅರ್ಧ ದಿನದ ರಜೆ ಹಾಕಿ ಒಬ್ಬಳೇ ಹೋದೆ. ನೀರುಗಂಟಿ ಗದ್ದೆಯ ಬದುವಿನ ಮೇಲಿದ್ದ. ಕಾಲುವೆಯ ಬಾಯಿ ನೋಡಬೇಕೆಂದು ಹೇಳಿದಾಗ ಅವನಿಗೆ ಆಶ್ಚರ್ಯವಾಗಲಿಲ್ಲ. ಏರಿಯಿಳಿದು, ಒಣಗಿ ಬಿರಿದ ಕೆಸರಿನ ಮೇಲೆ ಅವನ ಹಿಂದೆ ನಡೆದೆ.

ಅವು ಅಲ್ಲಿಯೇ ಇದ್ದವು. ಅದೇ ಜಾಗಗಳಲ್ಲಿ, ಅಂತರಗಂಗೆಯ ಎಲೆಗಳಿಗೆ ಆತುಕೊಂಡು. ಕೆಲವು ಉಬ್ಬಿದ್ದವು, ಕೆಲವು ಒಂದು ಬದಿಗೆ ವಾಲಿ ನೀರಿನಲ್ಲಿ ಅರ್ಧ ಇಳಿದಿದ್ದವು. ಹತ್ತಿರದಿಂದ ನೋಡಿದಾಗ ಮಡಿಸಿದ ಕೊರಳುಗಳು ಮಡಿಸಿದವಲ್ಲ, ಬಿದ್ದವು ಎಂಬುದು ತಿಳಿಯುತ್ತಿತ್ತು. ನೀರಿನ ಅಂಚಿನಲ್ಲಿ ಹಸಿರು ಬಣ್ಣದ ಪುಡಿ ಗೆರೆ ಕಟ್ಟಿತ್ತು. ನೊಣಗಳೂ ಕಡಿಮೆ ಇದ್ದವು.

"ನಿಮ್ಮ ಎಣಿಕೆಗೆ ಮುಂಚಿನ್ ದಿವ್ಸವೇ ಬಿದ್ದೋಗಿದ್ವು," ಎಂದ ನೀರುಗಂಟಿ. "ಅದ್ಕೇ ಅವತ್ತು ಅತ್ರ ಬನ್ನಿ ಅಂದಿದ್ದು. ಆ ದೊಡ್ಡಯ್ಯ 'ಆರಿಬಿಡ್ತವೆ' ಅಂದ್ರಲ್ಲ, ನಂಗೆ ನಗು ತಡ್ಯಕಾಗ್ನಿಲ್ಲ. ಇಂತಾ ವೊತ್ನಲ್ಲೂ ತಮಾಸೆ ಮಾಡ್ತಾರಲ್ಲ ಅಂದ್ಕಂಡೆ. ಆಮೇಲೆ ನೋಡಿದ್ರೆ ಒಂದೊಂದ್ ಎಣವನ್ನೂ ಬುಡ್ದಂಗೆ ಎಣಿಸಿದ್ರಿ, ಎರಡೆರಡು ಸಲ. ಇಷ್ಟು ಸರ್ಯಾಗಿ ಯಾರು ಮಾಡ್ತಾರೆ ಏಳಿ. ಕಾಗ್ದ ಓಯ್ತಾ?"

"ಹೋಯ್ತು ತಾತ."

"ಎಸ್ಟು ಅಂತ ಬರುದ್ರಿ?"

"ಇನ್ನೂರ ಹದಿನಾಲ್ಕು."

"ಸರಿಯಾಗೈತೆ," ಎಂದು ಅವನು ತಲೆಯಾಡಿಸಿದ.

ಅಲ್ಲಿ ನಾನು ಹೇಳಬೇಕಿತ್ತು. ಹೇಳಲಿಲ್ಲ. ಬಿಸಿಲಿನಲ್ಲಿ ನನ್ನ ಮುಖ ಕಂಡು ಅವನಿಗೆ ಏನನಿಸಿತೋ, ಒತ್ತಾಯ ಮಾಡಿ ಕೇರಿಗೆ ಕರೆದೊಯ್ದು ತನ್ನ ಮನೆಯ ಜಗಲಿಯ ಮೇಲೆ ಕೂರಿಸಿದ. ಅವನ ಸೊಸೆ ಆ ವರ್ಷವೇ ವರ್ತೂರಿನ ಕಡೆಯಿಂದ ಮದುವೆಯಾಗಿ ಬಂದವಳು. "ನಮ್ಮ ವರ್ತೂರ್ ಕೆರೆ ನೋಡ್ಬೇಕು ಅಕ್ಕಾ ನೀವು, ಇದೇನು ಕುಂಟೆ," ಎನ್ನುತ್ತಾ ಹಿತ್ತಾಳೆಯ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದಳು.

"ಯಾವ ಬಾವಿದಮ್ಮ?" ಎಂದು ಕೇಳಿದೆ.

ಅವಳ ಕೈ ಸ್ವಲ್ಪ ಹಿಂದಕ್ಕೆ ಹೋಯಿತು. "ನಮ್ಮ ಕೇರೀದೇ. ಯಾಕಕ್ಕಾ, ನಮ್ಮನೆ ನೀರು ಆಗಾಕಿಲ್ವಾ?"

ಆ ಪ್ರಶ್ನೆಯ ಅರ್ಥ ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವರ ಜಾತಿಯ ಮನೆಯಲ್ಲಿ ನನ್ನ ಜಾತಿಯವಳು ನೀರಿನ ಮುಂದೆ ತಡೆದರೆ ಅದಕ್ಕೆ ಒಂದೇ ಕಾರಣವಿರುತ್ತದೆ. ನನ್ನ ಕಾರಣ ಬೇರೆಯೆಂದು ಹೇಳಬಹುದಿತ್ತು. ಹೇಳಿದರೆ ಹಕ್ಕಿಗಳ ವಿಷಯ ಬರುತ್ತಿತ್ತು, ಅದರ ಹಿಂದೆ ಪತ್ರದ ವಿಷಯ, ಅದರ ಹಿಂದೆ ನನ್ನ ಸಾಲು. ಚೊಂಬು ಎತ್ತಿ ಕುಡಿದೆ. ಬಾಯಲ್ಲಿ ನಾಣ್ಯ ಇಟ್ಟುಕೊಂಡಂಥ ರುಚಿ. ಆ ರುಚಿ ನನಗೆ ಗೊತ್ತಿತ್ತು; ಗೇಟ್ ಪಾಸು ಒಯ್ದು ಕೊಡಲು ಆ ಶೆಡ್ಡಿನೊಳಗೆ ಹೋದಾಗಲೆಲ್ಲ ನಾಲಿಗೆಯ ಮೇಲೆ ಅದು ಕೂರುತ್ತಿತ್ತು. ದಿನವೂ ಅದೇ ನೀರು ಕುಡಿಯುವವರಿಗೆ, ದಿನಕ್ಕಿಷ್ಟಿಷ್ಟಾಗಿ ಏರಿ ಬಂದುದರಿಂದ, ಅದು ತಿಳಿದಿರಲಿಲ್ಲ.

"ತಣ್ಣಗಿದೆ," ಎಂದೆ. ಸೊಸೆಯ ಮುಖ ಅರಳಿತು. ಮತ್ತೊಂದು ಚೊಂಬು ತುಂಬಿ ತಂದಳು. ಅದನ್ನೂ ಕುಡಿದೆ.

ಮಾರನೆಯ ದಿನ ಫೋರ್‌ಮನ್ನರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಒಪ್ಪಲಿಲ್ಲ. "ಎರಡು ಸಲ ಅಳೆದು ಒಂದೇ ಬಂದಿದೆಯಮ್ಮ," ಎಂದರು. ಮತ್ತೆ ಅದನ್ನೇ ಹೇಳಿದರು. ಆದರೆ ಶನಿವಾರ ಅವರೂ ಒಬ್ಬರೇ ಹೋಗಿ ಬಂದರೆಂದು ಆಮೇಲೆ ತಿಳಿಯಿತು. ಭಾನುವಾರ ನಾನು ಎರಡನೆಯ ಪತ್ರದ ಕರಡನ್ನು ಅವರ ಮುಂದಿಟ್ಟಾಗ ಕನ್ನಡಕ ಹಾಕಿಕೊಳ್ಳದೆಯೇ ಸಹಿ ಮಾಡಿದರು. ದುರ್ಬೀನು ಗೂಟಕ್ಕೆ ತೂಗುತ್ತಿತ್ತು. ಕುಂಕುಮ ಇನ್ನೂ ಹಾಗೆಯೇ ಇತ್ತು.

ಆ ಎರಡನೆಯ ಪತ್ರದಲ್ಲಿ ಎಲ್ಲವೂ ಇತ್ತು. ಹಕ್ಕಿಗಳು ಸತ್ತಿದ್ದವು, ಎಣಿಕೆ ತಪ್ಪು, ಬಾವಿಯ ನೀರಿನ ಬಗ್ಗೆ ತುರ್ತು ಕ್ರಮ ಅಗತ್ಯ. ಪತ್ರವನ್ನು ಪತ್ರವೇ ಸರಿಪಡಿಸುತ್ತದೆ ಎಂದು ನಾನು ನಂಬಿದ್ದೆ. ಕಚೇರಿಯಲ್ಲಿ ಹಾಗೆಯೇ ನಡೆಯುತ್ತಿತ್ತು. ಕೇರಿಗೆ ಹೋಗಿ ಹೇಳುವುದಕ್ಕಿಂತ ಮೊದಲು ಉತ್ತರ ಬರಲಿ, ಒಳ್ಳೆಯ ಸುದ್ದಿಯೊಂದಿಗೇ ಹೋಗೋಣ ಎಂದುಕೊಂಡೆ. ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ನಮ್ಮ ಮನೆಯ ಹಂಡೆಗೆ ಗೆರೆ ಬರೆದು, ಹೂವಿಟ್ಟು, ತಾಯಿ ನನ್ನ ಕೈಗೆ ಬಿಂದಿಗೆ ಕೊಟ್ಟರು. ಆ ಹೊತ್ತಿಗೆ ಕೇರಿಯಲ್ಲಿಯೂ ಹಂಡೆಗೆ ನೀರು ತುಂಬುತ್ತಿರುತ್ತಾರೆ. ಬಿಂದಿಗೆಯನ್ನು ಹಾಗೆಯೇ ಹಿಡಿದು ನಿಂತಿದ್ದೆ. "ಏನೇ, ಮರದ್ ಹಾಗೆ ನಿಂತ್ಬಿಟ್ಟೆ? ಹೊತ್ತು ಮೀರುತ್ತೆ," ಎಂದು ಗದರಿದರು. ಹಬ್ಬದ ಮೂರೂ ದಿನ ನಾನು ಕೇರಿಗೆ ಹೋಗಲಿಲ್ಲ. ಅದಾದ ಮೇಲೂ ಒಂದು ವಾರ ಹೋಗಲಿಲ್ಲ.

ಉತ್ತರ ಬಂತು. ಅಷ್ಟು ವರ್ಷಗಳಲ್ಲಿ ಬಂದ ಮೊದಲ ಉತ್ತರ. ನಾಲ್ಕೇ ಸಾಲು, ನನ್ನದೇ ಭಾಷೆ. ತಮ್ಮ ಮೊದಲನೆಯ ಪತ್ರದಲ್ಲಿ ತಾವೇ ತಿಳಿಸಿರುವಂತೆ ಸದರಿ ಕೆರೆಯ ಪರಿಸ್ಥಿತಿಯು ತೃಪ್ತಿಕರವಾಗಿರುವುದು ಕಂಡುಬಂದ ಮೇರೆಗೆ, ನೀರುಗಂಟಿಯ ಅರ್ಜಿಯನ್ನು ಈಗಾಗಲೇ ಮುಕ್ತಾಯಗೊಳಿಸಲಾಗಿದೆ. ಮುಕ್ತಾಯಗೊಂಡ ಕಡತವನ್ನು ಪುನಃ ತೆರೆಯಲು ಅವಕಾಶವಿರುವುದಿಲ್ಲ.

ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಕೇರಿಗೆ ಹೋದೆ. ಅದನ್ನು ಓದದೆ ವಿಷಯ ಹೇಳಲು ನನಗೆ ಬರಲಿಲ್ಲ. ಜಗಲಿಯ ಮೇಲೆ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿದೆ. ನಂತರ ಅದರ ಅರ್ಥ ಹೇಳಿದೆ. ಆ ಸಾಲನ್ನು ಬರೆದವಳು ನಾನೇ ಎಂದೂ, ಹಕ್ಕಿಗಳು ನಿದ್ದೆ ಹೋಗಿವೆಯೆಂದು ತಿಳಿದು ಎಣಿಸಿದೆವೆಂದೂ, ಬಾವಿಗೆ ವಿಷ ಇಳಿದಿದೆಯೆಂದೂ ಹೇಳಿದೆ.

"ನಿದ್ದೆ ಅಂದ್ಕಂಡ್ರಾ," ಎಂದ ನೀರುಗಂಟಿ. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಬಾಗಿಲಲ್ಲಿ ನಿಂತಿದ್ದ ಸೊಸೆ ಕೇಳಿದಳು: "ಅವತ್ತು ನಮ್ಮನೇಲಿ ನೀರು ಕುಡುದ್ರಲ್ಲ ಅಕ್ಕಾ. ಅವತ್ತೇ ಗೊತ್ತಾಗಿತ್ತಾ ನಿಮ್ಗೆ?"

"ಗೊತ್ತಾಗಿತ್ತು."

"ಗೊತ್ತಾಗೂ ಕುಡುದ್ರಾ? ಎರಡು ಚೊಂಬು?"

ನಾನು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದೆ.

"ನಾನು ಜಾತಿಗೆ ಎದ್ರಿಕಂಡು ಕೇಳ್ದೆ. ನೀವು ಯಾತಕ್ಕೆ ಎದ್ರಿಕಂಡ್ರಿ?" ಎಂದಳು. ಬಾಗಿಲಿನಿಂದ ಈಚೆ ಬಂದು, "ಅವತ್ನಿಂದ ನಾವು ದಿನಾ ಕುಡೀತಾ ಇದ್ದೀವಿ," ಎಂದಳು.

ನೀರುಗಂಟಿ ಎದ್ದು ಬಾವಿಯ ಬಳಿಗೆ ನಡೆದ. ಇಬ್ಬರು ಹೆಂಗಸರು ನೀರು ಸೇದುತ್ತಿದ್ದರು. ಅವನು ಅವರ ಕೈಯಿಂದ ಹಗ್ಗ ತೆಗೆದುಕೊಂಡು, ಬಿಂದಿಗೆಯನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟು, ರಾಟೆಯಿಂದ ಹಗ್ಗವನ್ನು ಪೂರ್ತಿ ಎಳೆದು ಭುಜಕ್ಕೆ ಸುತ್ತಿಕೊಂಡ. ನೀರು ಅವನ ಬೆನ್ನಿನ ಮೇಲೆ ಇಳಿಯುತ್ತಿತ್ತು. "ಏನ್ ಮಾವ ಇದು, ಒಲೆ ಮೇಲೆ ಎಸರು ಇಟ್ಟಿವ್ನಿ," ಎಂದು ಒಬ್ಬಳು ಕೂಗಾಡಿದಳು. "ಕಾಗ್ದ ಬಂತು ಕಣವ್ವ," ಎಂದ ಅವನು. "ಇನ್ನು ಕಾಯೋದು ಬ್ಯಾಡ."

ಊರಿನ ಮೇಲ್ಗೇರಿಯ ಬಾವಿಗೆ ಅವರು ಹೋಗುವಂತಿರಲಿಲ್ಲ. ಬಿಂದಿಗೆಗಳು ಒಂದರ ಹಿಂದೊಂದು ಏರಿ ಹತ್ತಿ, ಕೆರೆ ಬಳಸಿ, ಕೈಗಾರಿಕಾ ಪ್ರದೇಶದ ಗೇಟಿನ ಪಕ್ಕದ ನಲ್ಲಿಯ ಕಡೆಗೆ ಹೊರಟವು. ಸೊಸೆ ಎಲ್ಲರಿಗಿಂತ ಮುಂದಿದ್ದಳು. ನಾನೂ ಅವರ ಹಿಂದೆ ನಡೆದೆ. ಹದ್ದುಗಳು ಈಚಲು ಮರಗಳ ಮೇಲೆ ಇರಲಿಲ್ಲ. ಕೆರೆಯಲ್ಲಿ ಎಣಿಸಲು ಏನೂ ಇರಲಿಲ್ಲ.

ನಲ್ಲಿಯ ನೀರು ಸ್ವಚ್ಛವಾಗಿ ಕಂಡಿತು. ಈ ಸಲ ನಾನು ಕೇಳಿದೆ. ಗೇಟಿನ ಕಾವಲುಗಾರನ ಮುಂದೆ ನಿಂತು, ಎಲ್ಲರಿಗೂ ಕೇಳಿಸುವಂತೆ, ಈ ನೀರು ಎಲ್ಲಿಂದ ಬರುತ್ತದೆಂದು ಕೇಳಿದೆ.

"ಬೋರ್‌ವೆಲ್ ಮೇಡಂ," ಎಂದ ಅವನು. "ಇಲ್ಲೇ ಹಿಂದ್ಗಡೆ." ಅವನು ಕೈ ಮಾಡಿ ತೋರಿಸಿದ್ದು ಲೇಪನದ ಶೆಡ್ಡಿನ ಕಾಲುವೆ ಕೆರೆಗಿಳಿಯುವ ದಿಕ್ಕು. ತುಂಬುತ್ತಿದ್ದ ಬಿಂದಿಗೆಯ ಮೇಲಿನಿಂದ ಸೊಸೆ ತಲೆಯೆತ್ತಿ ನನ್ನನ್ನು ನೋಡಿದಳು.